ಬೆಂಕಿ ಬೀಳುವ ಮೊದಲೇ ಬಾವಿ
ನಗರಪಾಲಿಕೆಯ ಹಣವು ನಮ್ಮ ಓಣಿಯನ್ನು ಮುಟ್ಟುವುದೆಂದು?

ಏಪ್ರಿಲ್ ತಿಂಗಳ 14ನೆಯ ತಾರೀಖನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಲಾಗುತ್ತದೆ. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ, ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೇರಿಕೊಂಡಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗು ಸಿಡಿದು, ಬೆಂಕಿಯನ್ನು ಆರಿಸಲು ಧಾವಿಸಿದ್ದ ಅಗ್ನಿಶಾಮಕ ದಳದ 66 ಮಂದಿ ಪ್ರಾಣತೆತ್ತರು. ಆ ವೀರರಿಗೆ ಪುಷ್ಪಾಂಜಲಿ ಅರ್ಪಿಸುವುದು ಉಚಿತವೇ ಸರಿ. ಆದರೆ ಹೂವು ಬಾಡುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದುಂಟು: ಇಂದು ನಮ್ಮ ಓಣಿಯಲ್ಲಿ ಬೆಂಕಿ ಬಿದ್ದರೆ ಅದನ್ನು ಆರಿಸುವ ಸಾಧನ ಎಲ್ಲಿದೆ? ಅದಕ್ಕೆ ಹಣ ಕೊಡಬೇಕಾದವರು ಯಾರು? ಕೊಟ್ಟ ಹಣವು ಯಾವ ರೂಪದಲ್ಲಿ ನಮ್ಮನ್ನು ಮುಟ್ಟುತ್ತಿದೆ?

ಪ್ರತಿವರ್ಷ ಫೆಬ್ರವರಿಯಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅಂದಾಜು ಪತ್ರ ಹೊರಬೀಳುವಾಗ ಅಗ್ನಿಶಾಮಕ ದಳಕ್ಕೂ ವಿಪತ್ತು ನಿರ್ವಹಣೆಗೂ ಇಷ್ಟು ಕೋಟಿ ಎಂಬ ಸುದ್ದಿ ಪತ್ರಿಕೆಗಳ ಒಂದು ಮೂಲೆಯಲ್ಲಿ ಬರುತ್ತದೆ. ನಮ್ಮ ವಾಚಕರಲ್ಲಿ ಬಹುಮಂದಿ ಅದನ್ನು ಓದದೆ ದಾಟುತ್ತಾರೆ. ಹೋಟೆಲಿನ ಮಾಣಿಗೂ ಆಫೀಸಿನ ಗುಮಾಸ್ತನಿಗೂ ಕೋಟಿಗಳ ಲೆಕ್ಕದಿಂದ ಆಗಬೇಕಾದುದೇನು ಎಂದು ಅವರು ಭಾವಿಸುವುದು ಸಹಜ. ಆದರೆ ಈ ಲೆಕ್ಕವು ಇತರ ಎಲ್ಲ ಲೆಕ್ಕಗಳಿಗಿಂತ ಹೆಚ್ಚಾಗಿ ಅವರದೇ ಆಗಿದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಸಾಯುವವರು ಯಾರು?

2017ರ ದಶಂಬರ 18ರ ನಸುಕಿನಲ್ಲಿ ಮುಂಬಯಿಯ ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ ಅಂಗಡಿಯೊಂದಕ್ಕೆ ಬೆಂಕಿ ತಗುಲಿ 12 ಮಂದಿ ಕೆಲಸಗಾರರು ಮಡಿದರು. ಅವರು ದುಡಿಯುತ್ತಿದ್ದ ಸ್ಥಳದಲ್ಲಿಯೇ ಮಲಗಿದ್ದರು. ಹನ್ನೊಂದು ದಿನಗಳ ಬಳಿಕ, 29ರ ಮಧ್ಯರಾತ್ರಿ ಕಳೆದ ಮೇಲೆ, ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಉಪಾಹಾರ ಗೃಹಗಳಿಗೆ ಬೆಂಕಿ ಹತ್ತಿ 14 ಮಂದಿ ತೀರಿಕೊಂಡರು. ದಾರಿ ಕಾಣದೆ ಶೌಚಾಲಯವನ್ನು ಹೊಕ್ಕವರು ಹೊಗೆಯಿಂದ ಉಸಿರುಗಟ್ಟಿ ಸತ್ತರು. ಅದಕ್ಕೂ ಮೊದಲು 2015ರ ಅಕ್ಟೋಬರ್ 16ರಂದು ಕುರ್ಲಾದ ಹೋಟೆಲೊಂದರಲ್ಲಿ ಅಡುಗೆ ಅನಿಲದ ಬೆಂಕಿಗೆ, ಮೇಲಿನ ಅಟ್ಟದಲ್ಲಿ ಊಟಕ್ಕೆ ಕುಳಿತಿದ್ದ 8 ಮಂದಿ ಬಲಿಯಾದರು.

ಇದು ಮುಂಬಯಿಗೆ ಮಾತ್ರ ಸೀಮಿತವಾದ ಸಂಕಟವಲ್ಲ. 2019ರ ದಶಂಬರ 8ರಂದು ದಿಲ್ಲಿಯ ಅನಾಜ್ ಮಂಡಿಯ ಇಕ್ಕಟ್ಟಾದ ಗಲ್ಲಿಯ ಕಾರ್ಖಾನೆಯೊಂದರಲ್ಲಿ 43 ಮಂದಿ ಸತ್ತರು. ಅವರಲ್ಲಿ ಬಹುಪಾಲು ಅಲ್ಲಿಯೇ ಮಲಗಿದ್ದ ಪರವೂರಿನ ಕೂಲಿಕಾರರು. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನ ವಸತಿಗೃಹವೊಂದರ ತಳಭಾಗದಲ್ಲಿ ವಿದ್ಯುತ್ ಸ್ಕೂಟರುಗಳ ಮಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲಕ್ಕೇರಿ 8 ಮಂದಿ ಅಸುನೀಗಿದರು.

ಈ ನಾಲ್ಕೈದು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಂಗಡಿ, ಹೋಟೆಲು, ಕಾರ್ಖಾನೆ, ವಸತಿಗೃಹ. ಇಕ್ಕಟ್ಟಾದ ಓಣಿ, ತಗ್ಗಾದ ಅಟ್ಟ, ಒಂದೇ ಬಾಗಿಲು, ದುಡಿಯುವ ಸ್ಥಳದಲ್ಲಿಯೇ ನಿದ್ದೆ. ಇದು ನಮ್ಮವರ ಬಾಳಿನ ಚಿತ್ರವೇ ಅಲ್ಲವೆ? ಊರು ಬಿಟ್ಟು ಬಂದ ಹುಡುಗನು ರಾತ್ರಿ ಮೇಜುಗಳನ್ನು ಸರಿಸಿ ಚಾಪೆ ಬಿಡಿಸುವುದು ಇಂತಹ ಕಡೆಗಳಲ್ಲಿಯೇ. ಆದುದರಿಂದ ಅಗ್ನಿಶಾಮಕ ದಳಕ್ಕೆ ಮಂಜೂರಾಗುವ ಹಣವು ಗಗನಚುಂಬಿ ಕಟ್ಟಡಗಳಲ್ಲಿ ವಾಸಿಸುವವರ ವಿಷಯವೆಂದು ತಿಳಿಯುವುದು ದೊಡ್ಡ ಭ್ರಮೆ.

ಹಣ ಕೊಡುವವರು ಯಾರು?

ನಮ್ಮ ನಾಡಿನಲ್ಲಿ ಅಗ್ನಿಶಾಮಕ ದಳವು ರಾಜ್ಯ ಸರಕಾರದ ಅಧೀನದಲ್ಲಿದೆ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯಿದೆಯಂತೆ ಅದು ನಡೆಯುತ್ತಿದೆ. ಚೆನ್ನೈ, ಹೈದರಾಬಾದುಗಳಲ್ಲಿಯೂ ಅದು ರಾಜ್ಯದ ಹೊಣೆ. ದಿಲ್ಲಿಯಲ್ಲಿ ದಿಲ್ಲಿ ಸರಕಾರದ ಹೊಣೆ. ಮುಂಬಯಿ ಹಾಗೂ ಪುಣೆಗಳಲ್ಲಿ ಮಾತ್ರ ಹಾಗಲ್ಲ. ಇಲ್ಲಿ ಅಗ್ನಿಶಾಮಕ ದಳವು ಮಹಾನಗರಪಾಲಿಕೆಯ ಅಂಗ. ಗಾಡಿ, ಏಣಿ, ನೀರಿನ ಕೊಳವೆ, ಸಿಬ್ಬಂದಿಯ ಸಂಬಳ ಎಲ್ಲವೂ ಪಾಲಿಕೆಯ ಅಂದಾಜು ಪತ್ರದಿಂದಲೇ ಹೊರಡಬೇಕು. ಊರಿನ ರೂಢಿಯಂತೆ ಶಾಸಕರನ್ನು ಕೇಳುವ ನಮ್ಮವರು ಇಲ್ಲಿ ತಮ್ಮ ವಾರ್ಡಿನ ನಗರಸೇವಕರನ್ನೂ ವಾರ್ಡು ಆಫೀಸನ್ನೂ ಕೇಳಬೇಕೆಂಬುದನ್ನು ತಿಳಿದಿರುವುದು ಅಗತ್ಯ.

ಈ ಹೊಣೆ ಹೊಸತಲ್ಲ. ಮುಂಬಯಿಯ 1888ರ ನಗರಪಾಲಿಕಾ ಕಾಯಿದೆಯೇ ಅಗ್ನಿಶಾಮಕ ದಳದ ಪೋಷಣೆಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಆ ವೆಚ್ಚಕ್ಕಾಗಿ ಆಸ್ತಿ ತೆರಿಗೆಯೊಡನೆ ಇನ್ನಷ್ಟು ಕೂಡಿಸಿ ವಸೂಲು ಮಾಡುವ ಅಧಿಕಾರವನ್ನೂ ಕೊಟ್ಟಿದೆ. 1992ರ ಸಂವಿಧಾನ ತಿದ್ದುಪಡಿಯಿಂದ ಬಂದ 12ನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ಒಪ್ಪಿಸಬಹುದಾದ ಕಾರ್ಯಗಳ ಪೈಕಿ ಅಗ್ನಿಶಾಮಕ ಸೇವೆಗೆ 7ನೆಯ ಸ್ಥಾನವಿದೆ. ಹೋಟೆಲಿನ ಮಾಲಿಕನು ಕೊಡುವ ತೆರಿಗೆಯಲ್ಲಿ, ಖೋಲಿಯ ಬಾಡಿಗೆಯಲ್ಲಿ, ಗಿರಾಕಿಯು ಕುಡಿಯುವ ಚಹದ ಬೆಲೆಯಲ್ಲಿಯೂ ಈ ಸೇವೆಯ ಒಂದು ಪಾಲು ಅಡಗಿದೆ. ಹೀಗಿರಲು ಲೆಕ್ಕ ಕೇಳುವುದು ಭಿಕ್ಷೆ ಬೇಡುವುದಲ್ಲ. ಕೊಟ್ಟ ಹಣಕ್ಕೆ ರಸೀದಿ ಕೇಳಿದಂತೆ.

ಕೇಂದ್ರದ ಭಂಡಾರದಿಂದಲೂ ಹಣ ಬಂದಿದೆ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಐದು ವರ್ಷಗಳಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆಂದು 1,60,153 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿತು. ಇದರಲ್ಲಿ ನೂರಕ್ಕೆ 10 ಪಾಲು ಪೂರ್ವಸಿದ್ಧತೆಗೆ, 20 ಪಾಲು ಅಪಾಯವನ್ನು ತಗ್ಗಿಸುವ ಕಾಮಗಾರಿಗಳಿಗೆ. ಉಳಿದುದು ಪರಿಹಾರಕ್ಕೆ ಹಾಗೂ ಪುನರ್ನಿರ್ಮಾಣಕ್ಕೆ. ಇದಲ್ಲದೆ ರಾಷ್ಟ್ರೀಯ ನಿಧಿಯಿಂದ ಅಗ್ನಿಶಾಮಕ ಸೇವೆಗಳ ವಿಸ್ತರಣೆಗೂ ಆಧುನಿಕೀಕರಣಕ್ಕೂ 5,000 ಕೋಟಿ ರೂಪಾಯಿಗಳ ಯೋಜನೆಯೊಂದು 2023ರಲ್ಲಿ ಜಾರಿಗೆ ಬಂದಿತು. ಇದರಲ್ಲಿ 500 ಕೋಟಿಯನ್ನು ಕಾಯಿದೆ ಮತ್ತು ವ್ಯವಸ್ಥೆಯನ್ನು ಸುಧಾರಿಸಿಕೊಂಡ ರಾಜ್ಯಗಳಿಗೆ ಪ್ರೋತ್ಸಾಹಕವಾಗಿ ತೆಗೆದಿಡಲಾಯಿತು. ಬಹುತೇಕ ರಾಜ್ಯಗಳು ಯೋಜನಾವೆಚ್ಚದ ನೂರಕ್ಕೆ 25ರಷ್ಟನ್ನು ತಾವು ಭರಿಸಬೇಕೆಂಬುದು ಕರಾರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬೆಂಕಿ ಬಿದ್ದ ಮೇಲೆ ಹಂಚುವ ಹಣವೇ ಬಹುಪಾಲು. ಬೀಳುವ ಮೊದಲು ಸಜ್ಜಾಗಲು ಇರುವುದು ಕಿರುಪಾಲು. ಎರಡನೆಯದಾಗಿ, ಕೇಂದ್ರದ ಈ ಹಣವು ರಾಜ್ಯಕ್ಕೆ ಬರುತ್ತದೆ. ಅಲ್ಲಿಂದ ಪಾಲಿಕೆಗೆ, ಪಾಲಿಕೆಯಿಂದ ಅಗ್ನಿಶಾಮಕ ಠಾಣೆಗೆ ಇಳಿಯಬೇಕು. ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಂದು ಪ್ರಸ್ತಾಪ, ಒಂದು ಮಂಜೂರಾತಿ, ಒಂದು ಟೆಂಡರು. ಕಡತಗಳ ನಡಿಗೆ ಎಷ್ಟು ನಿಧಾನವೆಂಬುದನ್ನು ಗುಮಾಸ್ತಗಿರಿ ಮಾಡುವ ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ.

ಕಡತವು ಮಲಗಿದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯಲ್ಲಿಯೇ ಒಂದು ನಿದರ್ಶನವುಂಟು. ಅದು ಬೆಂಕಿಯದಲ್ಲ, ನೀರಿನದು. ನಗರದ ಮಳೆನೀರು ಹರಿದುಹೋಗುವ ವ್ಯವಸ್ಥೆಯನ್ನು ವಿಸ್ತರಿಸಿ ಪಂಪು ಠಾಣೆಗಳನ್ನು ಕಟ್ಟಬೇಕೆಂಬ ‘ಬ್ರಿಮ್‌ಸ್ಟೊವ್ಯಾಡ್’ ವರದಿ ಸಿದ್ಧವಾದುದು 1993ರಲ್ಲಿ. ಹಣವಿಲ್ಲವೆಂಬ ಕಾರಣದಿಂದ ಅದು ಬಹುತೇಕ ಕಪಾಟಿನಲ್ಲಿಯೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನೂರಾರು ಮಂದಿ ಸತ್ತ ಮೇಲೆ ಹಣ ಬಂತು, ಪಂಪುಗಳು ಬಂದವು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕೊಳ್ಳುವುದೊಂದು, ಕಾಪಾಡುವುದೊಂದು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮುಂಬಯಿಯ ಪಾಲಿಕೆ ಬಡಸಂಸ್ಥೆಯಲ್ಲ. ಅದರ 2025-26ರ ಅಂದಾಜು ಪತ್ರದ ಮೊತ್ತ 74,427 ಕೋಟಿ ರೂಪಾಯಿ. ಅಗ್ನಿಶಾಮಕ ದಳದಲ್ಲಿ ಸುಮಾರು 90 ಮೀಟರ್ ಎತ್ತರಕ್ಕೆ ಏರಬಲ್ಲ, ವಿದೇಶದಿಂದ ತರಿಸಿದ ಯಂತ್ರದ ಏಣಿಯಿದೆ. ಇವು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. 2019ರ ಜುಲೈ 22ರಂದು ಬಾಂದ್ರಾದ ಎಂ.ಟಿ.ಎನ್.ಎಲ್. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದ 80ಕ್ಕೂ ಮಿಕ್ಕಿ ಜನರನ್ನು ಯಂತ್ರದ ಏಣಿಗಳ ನೆರವಿನಿಂದ ಸುರಕ್ಷಿತವಾಗಿ ಇಳಿಸಲಾಯಿತು. ಅದು ಪಾಲಿಕೆಯ ಹಣ ಸಾರ್ಥಕವಾದ ದಿನ.

ಆದರೆ ಆ ಏಣಿ ಏರಬೇಕಾದರೆ ಗಾಡಿ ನಿಲ್ಲಲು ವಿಶಾಲವಾದ ಸ್ಥಳ ಬೇಕು. ಖೈರಾನಿ ರಸ್ತೆಯ ಒಳಗಲ್ಲಿಗಳಲ್ಲಿ, ಕಾಲ್ಬಾದೇವಿಯಲ್ಲಿ, ಧಾರಾವಿಯಲ್ಲಿ ಆ ಸ್ಥಳವೆಲ್ಲಿ? 2015ರ ಮೇ 9ರಂದು ಕಾಲ್ಬಾದೇವಿಯ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಅದು ಕುಸಿದಾಗ, ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ಸುನಿಲ್ ನೇಸರೀಕರ್ ಅವರೂ ಸೇರಿ ನಾಲ್ವರು ಹಿರಿಯ ಅಧಿಕಾರಿಗಳು ಬಲಿಯಾದರು. ಅಂತಹ ಕಡೆಗಳಲ್ಲಿ ಬೇಕಾದುದು ಬೇರೆಯೇ ಸಾಧನ: ಓಣಿಯಲ್ಲಿ ನುಗ್ಗಬಲ್ಲ ಚಿಕ್ಕ ಗಾಡಿ, ನೀರು ಬರುವ ಹೈಡ್ರೆಂಟು, ಉದ್ದವಾದ ಹೋಸು, ಹೊಗೆಯೊಳಗೆ ಹೋಗಲು ಉಸಿರಾಟದ ಸಿಲಿಂಡರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ವೈರ್‌ಲೆಸ್ಸು. ಇವುಗಳ ಉದ್ಘಾಟನೆಗೆ ಮಂತ್ರಿಗಳು ಬರುವುದಿಲ್ಲ. ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುವುದಿಲ್ಲ. ಆದರೆ ಚಾಪೆಯ ಮೇಲೆ ಮಲಗಿದ ಹುಡುಗನನ್ನು ಉಳಿಸುವ ಸಾಧನಗಳು ಇವೇ.

ಹೋಟೆಲ್ ನಡೆಸಿದ ಅನುಭವದಿಂದ ನಾವು ಇನ್ನೊಂದು ಮಾತನ್ನು ಹೇಳಬಲ್ಲೆವು. ಹೊಸ ಗ್ರೈಂಡರು ಕೊಂಡು ತಂದ ದಿನ ಅಡುಗೆಮನೆಯಲ್ಲಿ ಎಲ್ಲರಿಗೂ ಉತ್ಸಾಹ. ಆರು ತಿಂಗಳ ಮೇಲೆ ಬೆಲ್ಟು ಹರಿದಾಗ ಅದನ್ನು ಬದಲಿಸಲು ಹಣ ಬೇಕೆಂಬುದನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಪಾಲಿಕೆಯ ಲೆಕ್ಕವೂ ಹೀಗೆಯೇ. ಗಾಡಿಯ ಖರೀದಿ ಬಂಡವಾಳ ಖಾತೆಗೆ ಸೇರುತ್ತದೆ. ಅದನ್ನು ನಡೆಸುವ ಚಾಲಕನ ಸಂಬಳ, ಟೈರು, ಬಿಡಿಭಾಗ, ತರಬೇತಿ ರಾಜಸ್ವ ಖಾತೆಗೆ. ಮೊದಲನೆಯದು ಒಮ್ಮೆ ಮಾಡುವ ವೆಚ್ಚ, ಜನರ ಕಣ್ಣಿಗೆ ಕಾಣುವಂತಹದು. ಎರಡನೆಯದು ವರ್ಷವರ್ಷವೂ ಮಾಡಬೇಕಾದ ವೆಚ್ಚ, ಕಣ್ಣಿಗೆ ಕಾಣದಂತಹದು. ಮಿತವ್ಯಯದ ಕತ್ತರಿ ಮೊದಲು ಬೀಳುವುದು ಎರಡನೆಯದರ ಮೇಲೆ. ಒದ್ದೆಯಾದ ಕ್ಯಾನ್‌ವಾಸ್ ಹೋಸನ್ನು ಒಣಗಿಸದೆ ಸುತ್ತಿಟ್ಟರೆ ಅದು ಕೊಳೆಯುತ್ತದೆ. ಉಸಿರಾಟದ ಸಿಲಿಂಡರನ್ನು ತುಂಬಿಸಿಡದಿದ್ದರೆ ಅದು ಬೆನ್ನಿಗೆ ಭಾರ ಮಾತ್ರ. ನೀರಿನ ಸಂಪರ್ಕ ಕಡಿದುಹೋದ ಹೈಡ್ರೆಂಟು ರಸ್ತೆಬದಿಯ ಕಬ್ಬಿಣದ ಕಂಬ.

ಈ ಮಾತನ್ನು ನಾವು ಕಲ್ಪಿಸಿ ಹೇಳುತ್ತಿಲ್ಲ, ಶಾಸನವೇ ಹೇಳಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ 41ನೆಯ ಕಲಮಿನ ಪ್ರಕಾರ, ಸ್ಥಳೀಯ ಸಂಸ್ಥೆಯು ತನ್ನ ನೌಕರರಿಗೆ ತರಬೇತಿ ಕೊಡತಕ್ಕದ್ದು. ವಿಪತ್ತಿನ ಸಾಧನಗಳನ್ನು ಬೇಕಾದಾಗ ತಕ್ಷಣ ದೊರೆಯುವಂತೆ ಸುಸ್ಥಿತಿಯಲ್ಲಿ ಇಡತಕ್ಕದ್ದು. ಕೊಳ್ಳುವುದಷ್ಟೇ ಕರ್ತವ್ಯವಲ್ಲ, ಸಿದ್ಧವಾಗಿಡುವುದು ಕರ್ತವ್ಯ. ಅದೇ ಕಾಯಿದೆಗೆ 2025ರಲ್ಲಿ ಮಾಡಿದ ತಿದ್ದುಪಡಿಯು ರಾಜಧಾನಿಗಳಿಗೂ ಮಹಾನಗರಪಾಲಿಕೆಗಳುಳ್ಳ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಲು ಅವಕಾಶ ಕೊಟ್ಟಿದೆ. ಹೊಸ ಪ್ರಾಧಿಕಾರಗಳು ಬರಲಿ. ಆದರೆ ಹಳೆಯ 41ನೆಯ ಕಲಮು ಓಣಿಯ ತುದಿಯಲ್ಲಿ ಪಾಲನೆಯಾಗದಿದ್ದರೆ ಹೊಸ ಫಲಕದಿಂದ ಬೆಂಕಿ ಆರುವುದಿಲ್ಲ.

ನಮ್ಮವರ ಪಾಲು

ಪಾಲಿಕೆಯ ಮೇಲೆ ಬೆರಳು ತೋರಿಸಿ ಸುಮ್ಮನಾದರೆ ನ್ಯಾಯವಾಗದು. ಮಹಾರಾಷ್ಟ್ರದ 2006ರ ಅಗ್ನಿನಿವಾರಣೆ ಹಾಗೂ ಜೀವಸುರಕ್ಷಾ ಕಾಯಿದೆಯು ಕಟ್ಟಡದ ಒಡೆಯನ ಮೇಲೂ ಅಲ್ಲಿ ವ್ಯಾಪಾರ ನಡೆಸುವವನ ಮೇಲೂ ಹೊಣೆ ಹೊರಿಸಿದೆ. ಬೆಂಕಿ ನಂದಿಸುವ ಸಲಕರಣೆಗಳು ಸುಸ್ಥಿತಿಯಲ್ಲಿವೆಯೆಂದು ಪರವಾನಗಿ ಪಡೆದ ಸಂಸ್ಥೆಯಿಂದ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ದೃಢೀಕರಣ ಪತ್ರ ಪಡೆಯಬೇಕೆಂಬ ನಿಯಮವಿದೆ. ಹೋಟೆಲ್ ಮಾಲಿಕರಾದ ನಮ್ಮ ಬಂಧುಗಳಲ್ಲಿ ಕೆಲವರು ಇದನ್ನು ಇನ್ನೊಂದು ಕಿರುಕುಳವೆಂದು ಬಗೆಯುತ್ತಾರೆ. ಕಿರುಕುಳ ಕೊಡುವ ಅಧಿಕಾರಿಗಳು ಇಲ್ಲವೆಂದಲ್ಲ. ಆದರೂ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡಲು ಯಾವ ಅಧಿಕಾರಿಯ ಅಪ್ಪಣೆ ಬೇಕು?

ಇನ್ನೂ ಕಠಿಣವಾದ ಮಾತೊಂದುಂಟು. ರಾತ್ರಿ ಕಳ್ಳಕಾಕರ ಭಯದಿಂದ ಶಟರನ್ನು ಹೊರಗಿನಿಂದ ಬೀಗ ಹಾಕಿ, ಒಳಗೆ ಕೆಲಸಗಾರರನ್ನು ಮಲಗಿಸುವ ಪದ್ಧತಿ ಎಲ್ಲಿ ಇದ್ದರೂ ಅದು ಇಂದೇ ನಿಲ್ಲತಕ್ಕದ್ದು. ಗಲ್ಲಾಪೆಟ್ಟಿಗೆಯ ಹಣವನ್ನು ಇನ್ನೊಮ್ಮೆ ಸಂಪಾದಿಸಬಹುದು. ಊರಿನ ತಾಯಿಗೆ ಮಗನನ್ನು ಯಾವ ಮಾಲಿಕನೂ ಮರಳಿ ಕೊಡಲಾರ. ಸಿಲಿಂಡರುಗಳನ್ನು ಮಲಗುವ ಸ್ಥಳದಿಂದ ದೂರವಿಡುವುದು, ಗ್ಯಾಸಿನ ರಬ್ಬರು ಕೊಳವೆಯನ್ನು ಕಾಲಕಾಲಕ್ಕೆ ಬದಲಿಸುವುದು, ಹೊಗೆ ಕೊಳವೆಯಲ್ಲಿ ಕಟ್ಟಿದ ಎಣ್ಣೆಯ ಜಿಡ್ಡನ್ನು ತೆಗೆಸುವುದು, ಹಿಂಬಾಗಿಲಿಗೆ ಮೂಟೆಗಳನ್ನು ಒಟ್ಟದಿರುವುದು; ಇವುಗಳಿಗೆ ತಗಲುವ ವೆಚ್ಚ ದೊಡ್ಡದಲ್ಲ.

ಕೆಲಸಗಾರರೂ ತಿಳಿದಿರಬೇಕಾದ ಸಂಗತಿಗಳಿವೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆಯ ಗ್ಯಾಸು ಆರಿಸಿ, ಮುಚ್ಚಳದಿಂದ ಮುಚ್ಚಬೇಕು. ಗ್ಯಾಸಿನ ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ ಬಾಗಿಲು ತೆರೆದು ಎಲ್ಲರನ್ನೂ ಎಬ್ಬಿಸಬೇಕು. ಅಗ್ನಿಶಾಮಕ ದಳಕ್ಕೆ 101, ಗ್ಯಾಸು ಸೋರಿಕೆಗೆ 1906, ಮುಂಬಯಿ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಗೆ 1916. ಈ ಸಂಖ್ಯೆಗಳನ್ನು ಗಲ್ಲೆಯ ಹಿಂದೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಮಧ್ಯಾಹ್ನದ ಗಿರಾಕಿ ಕಡಿಮೆಯಾಗುವ ಮೂರು ಗಂಟೆಯ ಹೊತ್ತಿನಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ಅಭ್ಯಾಸ ಮಾಡಿಸಿದರೆ ಯಾವ ವ್ಯಾಪಾರವೂ ಮುಳುಗದು.

ಏನು ಕೇಳಬೇಕು?

ಮುಂಬಯಿಯಲ್ಲಿ 2022ರ ಮಾರ್ಚಿಯಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಅಂದಾಜು ಪತ್ರವನ್ನು ಸಿದ್ಧಪಡಿಸಿ ತಾನೇ ಮಂಜೂರು ಮಾಡುವಂತಾಯಿತು. ವಾರ್ಡಿನ ಪರವಾಗಿ ಎದ್ದು ನಿಂತು ಪ್ರಶ್ನಿಸುವವರು ಆ ಕಾಲದಲ್ಲಿ ಸಭೆಯಲ್ಲಿ ಇರಲಿಲ್ಲ. ಪ್ರಶ್ನೆಯಿಲ್ಲದ ಕಡೆ ಲೆಕ್ಕವು ಮೇಲಿನವರ ಇಷ್ಟದಂತೆ ನಡೆಯುವುದು ಸ್ವಾಭಾವಿಕ. ಆದಕಾರಣ ಪ್ರಶ್ನಿಸುವ ಅಭ್ಯಾಸವನ್ನು ಜನರೇ ಬೆಳೆಸಿಕೊಳ್ಳಬೇಕು.

ನಮ್ಮ ಅಭಿಪ್ರಾಯದಲ್ಲಿ ಮೂರು ಬೇಡಿಕೆಗಳು ಸಾಕು. ಒಂದು: ಪ್ರತಿಯೊಂದು ವಾರ್ಡಿನಲ್ಲಿಯೂ ಎಷ್ಟು ಹೈಡ್ರೆಂಟುಗಳಿವೆ, ಅವುಗಳಲ್ಲಿ ನೀರು ಬರುವುದನ್ನು ಕೊನೆಯ ಬಾರಿ ಪರೀಕ್ಷಿಸಿದುದೆಂದು, ಠಾಣೆಯಲ್ಲಿ ಸುಸ್ಥಿತಿಯಲ್ಲಿರುವ ಗಾಡಿಗಳೆಷ್ಟು, ಖಾಲಿಯಿರುವ ಹುದ್ದೆಗಳೆಷ್ಟು ಎಂಬ ಪಟ್ಟಿಯನ್ನು ವಾರ್ಡು ಆಫೀಸಿನ ಹೊರಗೆ ಮರಾಠಿಯೊಂದಿಗೆ ಇತರ ಭಾಷೆಗಳಲ್ಲಿಯೂ ಹಚ್ಚಬೇಕು. ಎರಡು: ಹೊಸ ಸಾಧನದ ಖರೀದಿಗೆ ಮಂಜೂರಾತಿ ಕೊಡುವಾಗಲೇ ಅದರ ದುರಸ್ತಿ ಹಾಗೂ ತರಬೇತಿಗಳಿಗೆ ಮುಂದಿನ ವರ್ಷಗಳಲ್ಲಿ ಬೇಕಾಗುವ ಹಣವನ್ನೂ ಅದೇ ಠರಾವಿನಲ್ಲಿ ತೋರಿಸಬೇಕು. ಮೂರು: ಎತ್ತರದ ಏಣಿಗೆ ಹಣ ಕೊಡುವಷ್ಟೇ ಮುತುವರ್ಜಿಯಿಂದ ಇಕ್ಕಟ್ಟಾದ ಓಣಿಗಳಿಗೆ ಚಿಕ್ಕ ಗಾಡಿಗಳನ್ನೂ ಅಲ್ಲಿಯ ನಿವಾಸಿಗಳಿಗೆ ತರಬೇತಿಯನ್ನೂ ಒದಗಿಸಬೇಕು.

ಈ ವಿವರಗಳನ್ನು ಪಡೆಯಲು ದೊಡ್ಡ ವಕೀಲರು ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ನಮ್ಮ ಗುಮಾಸ್ತ ಬಂಧುಗಳು ದಿನವೂ ಯಜಮಾನರ ಪರವಾಗಿ ಹತ್ತಾರು ಅರ್ಜಿಗಳನ್ನು ಬರೆಯುತ್ತಾರೆ. ಅಕ್ಷರ ಬಲ್ಲ ಅವರು ಅಕ್ಷರ ಬಾರದ ಹೋಟೆಲ್ ಹುಡುಗನ ಪರವಾಗಿ ಒಂದು ಅರ್ಜಿ ಬರೆದುಕೊಟ್ಟರೆ ಅದೇ ನಿಜವಾದ ಸಂಘಸೇವೆ. ವಾರ್ಷಿಕೋತ್ಸವಗಳನ್ನು ವಿಜೃಂಭಣೆಯಿಂದ ನಡೆಸುವ ನಮ್ಮ ಸಂಘಗಳು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಎತ್ತಿಕೊಳ್ಳಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದನ್ನು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ. ಇಂದಿನ ನಗರಗಳಲ್ಲಿ ಬಾವಿ ತೋಡುವ ಹಣ ಮಂಜೂರಾಗುತ್ತದೆ, ಬಾವಿಯೂ ಆಗುತ್ತದೆ. ಹಗ್ಗವೂ ಕೊಡವೂ ಇವೆಯೇ ಎಂಬುದನ್ನು ನೋಡುವವರು ಮಾತ್ರ ಇಲ್ಲ. ಅದನ್ನು ನೋಡುವ ಕೆಲಸ ಆ ಬಾವಿಯ ನೀರನ್ನು ನಂಬಿ ಮಲಗುವವರದು.